ವನ್ಯಜೀವಿ ನಿರ್ವಹಣೆ ಓದಲು ಕಾಲೇಜು ಆರಿಸುವಾಗ ನೋಡಬೇಕಾದದ್ದೇನು?

ಒಂದು ಸಂರಕ್ಷಿತ ಹುಲ್ಲುಗಾವಲಿನಲ್ಲಿ ಮೂರು ವರ್ಷಗಳಿಂದ ಜಿಂಕೆಗಳು ಮೊದಲಿನಷ್ಟು ಕಾಣಿಸುತ್ತಿಲ್ಲ ಎಂದುಕೊಳ್ಳೋಣ. ಕಾವಲು ಸಿಬ್ಬಂದಿ ಕಳ್ಳಬೇಟೆಯನ್ನು ಶಂಕಿಸುತ್ತಾರೆ. ಪಕ್ಕದ ಊರಿನವರು ಹುಲ್ಲಿನ ನಡುವೆ ಹಬ್ಬಿರುವ ಕಳೆಗಿಡವನ್ನು ತೋರಿಸುತ್ತಾರೆ. ಪಶುವೈದ್ಯರು ದನಕರುಗಳಿಂದ ಹರಡಿರಬಹುದಾದ ರೋಗದ ಮಾತೆತ್ತುತ್ತಾರೆ. ಜಿಂಕೆಗಳು ಕಡಿಮೆಯಾಗಿಯೇ ಇಲ್ಲ, ಹುಲ್ಲು ಎತ್ತರ ಬೆಳೆದು ಅವು ಕಣ್ಣಿಗೆ ಬೀಳುತ್ತಿಲ್ಲ ಎನ್ನುವ ಸಾಧ್ಯತೆಯೂ ಇದೆ. ಇಷ್ಟರ ನಡುವೆ, ಮುಂದಿನ ಬೇಸಿಗೆಯೊಳಗೆ ಹುಲ್ಲನ್ನು ಸುಡಬೇಕೋ, ಕಳೆ ಕೀಳಿಸಬೇಕೋ, ಗಸ್ತು ಹೆಚ್ಚಿಸಬೇಕೋ ಎಂದು ಯಾರಾದರೊಬ್ಬರು ತೀರ್ಮಾನಿಸಲೇಬೇಕು. ಮೂರನ್ನೂ ಮಾಡಿಸುವಷ್ಟು ಹಣವಾಗಲಿ ಜನರಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ವನ್ಯಜೀವಿ ನಿರ್ವಹಣೆಯ ಪದವಿ ತಯಾರು ಮಾಡಬೇಕಾದದ್ದು ಆ ತೀರ್ಮಾನ ತೆಗೆದುಕೊಳ್ಳುವ ವ್ಯಕ್ತಿಯನ್ನು. ಆದ್ದರಿಂದ ಕಾಲೇಜಿನ ಹೆಸರು, ಕಟ್ಟಡ, ಜಾಹೀರಾತಿನಲ್ಲಿರುವ ಆನೆಯ ಚಿತ್ರ ಇವನ್ನೆಲ್ಲ ಬದಿಗಿಟ್ಟು, ಅಪೂರ್ಣ ಮಾಹಿತಿಯ ನಡುವೆಯೂ ಸಾಕ್ಷ್ಯ ಸಂಗ್ರಹಿಸಿ ನಿರ್ಧರಿಸುವ ಅಭ್ಯಾಸವನ್ನು ಈ ಕಾಲೇಜು ಎಷ್ಟು ಮಾಡಿಸುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಹುಡುಕಾಟವನ್ನು ಆರಂಭಿಸುವುದು ಒಳ್ಳೆಯದು.

ಮೊದಲ ಗೊಂದಲ ಹೆಸರಿನದು. ವನ್ಯಜೀವಿ ಶಾಸ್ತ್ರ, ವನ್ಯಜೀವಿ ನಿರ್ವಹಣೆ, ಸಂರಕ್ಷಣಾ ಜೀವಶಾಸ್ತ್ರ, ಪರಿಸರ ವಿಜ್ಞಾನ, ಅರಣ್ಯಶಾಸ್ತ್ರ ಎಂಬ ಪದವಿಗಳು ಹೊರನೋಟಕ್ಕೆ ಒಂದೇ ಕುಟುಂಬದವು. ಒಳಗೆ ಹೋದರೆ ಒತ್ತು ಬೇರೆ ಬೇರೆ. ವನ್ಯಜೀವಿ ಶಾಸ್ತ್ರವು ಜಿಂಕೆ ಹೇಗೆ ಬದುಕುತ್ತದೆ ಎಂದು ಕೇಳುತ್ತದೆ. ನಿರ್ವಹಣೆಯು ಆ ಉತ್ತರವನ್ನು ಹಿಡಿದುಕೊಂಡು, ಈ ನೆಲದಲ್ಲಿ, ಈ ಜನರ ನಡುವೆ, ಈ ಕಾನೂನಿನ ಒಳಗೆ ಜಿಂಕೆಗಾಗಿ ಏನು ಮಾಡಬಹುದು ಎಂದು ಕೇಳುತ್ತದೆ. ಪ್ರಾಣಿ, ಅದರ ನೆಲೆ, ಅದರ ಜೊತೆಗೆ ಬದುಕುವ ಮನುಷ್ಯರು ಎಂಬ ಮೂರೂ ಪಠ್ಯಕ್ರಮದಲ್ಲಿ ಇದ್ದರೆ ಮಾತ್ರ ಅದನ್ನು ನಿರ್ವಹಣೆಯ ಪದವಿ ಎನ್ನಬಹುದು. ಕೆಲವು ಕಡೆ ಪ್ರಾಣಿಶಾಸ್ತ್ರದ ಹಳೆಯ ಪಠ್ಯಕ್ಕೆ ಎರಡು ಹೊಸ ವಿಷಯ ಸೇರಿಸಿ ಫಲಕವನ್ನು ಮಾತ್ರ ಬದಲಾಯಿಸಿರುತ್ತಾರೆ. ಇನ್ನು ಕೆಲವು ಕಡೆ ಪದವಿಯ ಹೆಸರು ಬರೀ ಪ್ರಾಣಿಶಾಸ್ತ್ರವೆಂದಿದ್ದರೂ ಒಳಗಿನ ಕಲಿಕೆ ಬಹಳ ಗಟ್ಟಿಯಾಗಿರುತ್ತದೆ. ಹೆಸರು ನೋಡಿ ಸೇರುವವರಿಗೂ, ಹೆಸರು ನೋಡಿ ಬಿಡುವವರಿಗೂ ನಷ್ಟವೇ.

ಈ ವಿದ್ಯೆ ವಿಶ್ವವಿದ್ಯಾಲಯದೊಳಗೆ ಬಂದ ಬಗೆಯನ್ನು ನೋಡಿದರೆ ಪಠ್ಯಕ್ರಮಗಳು ಯಾಕೆ ಇಷ್ಟು ಭಿನ್ನವಾಗಿವೆ ಎಂಬುದು ಅರ್ಥವಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು 1933ರಲ್ಲಿ ಆಲ್ಡೊ ಲಿಯೋಪೋಲ್ಡ್ ಅವರನ್ನು ಈ ವಿಷಯದ ಪ್ರಾಧ್ಯಾಪಕರನ್ನಾಗಿ ನೇಮಿಸಿದಾಗ ಆ ಹುದ್ದೆ ಇದ್ದದ್ದು ಕೃಷಿ ಅರ್ಥಶಾಸ್ತ್ರ ವಿಭಾಗದಲ್ಲಿ. ಬೇಟೆಯ ಪ್ರಾಣಿಗಳನ್ನು ರೈತರ ಜಮೀನಿನಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬುದು ಆಗಿನ ಪ್ರಶ್ನೆಯಾಗಿತ್ತು. ಟಾಂಜಾನಿಯಾದಲ್ಲಿ ಕಿಲಿಮಂಜಾರೋ ಪರ್ವತದ ತಪ್ಪಲಿನ ಮ್ವೇಕಾ ಕಾಲೇಜು 1963ರಲ್ಲಿ ಆರಂಭವಾದದ್ದು, ಹೊಸದಾಗಿ ಸ್ವತಂತ್ರವಾಗುತ್ತಿದ್ದ ಆಫ್ರಿಕಾದ ದೇಶಗಳ ರಾಷ್ಟ್ರೀಯ ಉದ್ಯಾನಗಳನ್ನು ಆಫ್ರಿಕನ್ನರೇ ನಡೆಸಲು ಬೇಕಾದ ತರಬೇತಿ ನೀಡುವುದಕ್ಕೆ. ದೆಹ್ರಾದೂನಿನ ಭಾರತೀಯ ವನ್ಯಜೀವಿ ಸಂಸ್ಥೆ 1982ರಲ್ಲಿ ಹುಟ್ಟಿದಾಗ, ಕೆಲಸದಲ್ಲಿರುವ ಅರಣ್ಯಾಧಿಕಾರಿಗಳ ತರಬೇತಿ ಮತ್ತು ಸಂಶೋಧನೆ ಎರಡನ್ನೂ ಅದು ಹೊರಬೇಕಾಗಿತ್ತು. ಒಂದೊಂದು ಸಂಸ್ಥೆಯೂ ತನ್ನ ನೆಲದ ಒಂದು ಅಗತ್ಯಕ್ಕೆ ಉತ್ತರವಾಗಿ ಬೆಳೆದಿದೆ. ಸಂಸ್ಥೆ ಯಾವ ಅಗತ್ಯಕ್ಕಾಗಿ ಹುಟ್ಟಿತು, ಈಗಲೂ ಯಾರಿಗಾಗಿ ಕೆಲಸ ಮಾಡುತ್ತಿದೆ ಎಂದು ತಿಳಿದುಕೊಂಡರೆ, ಅಲ್ಲಿ ಯಾವುದನ್ನು ಚೆನ್ನಾಗಿ ಕಲಿಸುತ್ತಾರೆ, ಯಾವುದನ್ನು ಹೆಸರಿಗೆ ಮಾತ್ರ ಕಲಿಸುತ್ತಾರೆ ಎಂಬುದರ ಅರ್ಧ ಚಿತ್ರ ಸಿಕ್ಕಂತೆಯೇ.

ಇನ್ನರ್ಧ ಚಿತ್ರಕ್ಕೆ ಉದ್ಯೋಗದ ಕಡೆಯಿಂದ ಹಿಂದಕ್ಕೆ ಓದಿಕೊಂಡು ಬರಬೇಕು. ಹೆಚ್ಚಿನ ವಿದ್ಯಾರ್ಥಿಗಳು ಕಾಲೇಜಿನ ಕೈಪಿಡಿಯಿಂದ ಶುರುಮಾಡಿ ಕೊನೆಗೆ ಕೆಲಸದ ಬಗ್ಗೆ ಯೋಚಿಸುತ್ತಾರೆ. ಈ ಕ್ಷೇತ್ರದಲ್ಲಿ ಅದು ಅಪಾಯಕಾರಿ ಕ್ರಮ, ಏಕೆಂದರೆ ಇಲ್ಲಿನ ಅನೇಕ ಹುದ್ದೆಗಳು ಪದವಿಯ ಹೆಸರನ್ನಲ್ಲ, ಅದರೊಳಗೆ ಓದಿದ ವಿಷಯಗಳನ್ನು ಎಣಿಸುತ್ತವೆ. ಅಮೆರಿಕದ ಕೇಂದ್ರ ಸರ್ಕಾರದ ವನ್ಯಜೀವಿ ತಜ್ಞರ ಹುದ್ದೆಯನ್ನೇ ನೋಡಬಹುದು. ಜೀವಶಾಸ್ತ್ರದ ಪದವಿ ಇದ್ದರೆ ಸಾಲದು. ಅದರಲ್ಲಿ ವನ್ಯಜೀವಿ ಸಂಬಂಧಿತ ವಿಷಯಗಳಲ್ಲಿ ಕನಿಷ್ಠ 9, ಪ್ರಾಣಿಶಾಸ್ತ್ರದಲ್ಲಿ 12, ಸಸ್ಯಶಾಸ್ತ್ರದಲ್ಲಿ 9 ಸೆಮಿಸ್ಟರ್ ಕ್ರೆಡಿಟ್‌ಗಳಿರಬೇಕು ಎಂಬುದು ಅಲ್ಲಿನ ಅರ್ಹತೆಯ ಲೆಕ್ಕ. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಬಂದವರು ಸಸ್ಯಶಾಸ್ತ್ರವನ್ನು ತಪ್ಪಿಸಿಕೊಂಡು ಪದವಿ ಮುಗಿಸಿಬಿಟ್ಟರೆ, ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಮೊದಲ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯ ನಿಯಮ ಇನ್ನೊಂದು ಬಗೆಯದು: ಪಶುಸಂಗೋಪನೆ ಮತ್ತು ಪಶುವೈದ್ಯ ವಿಜ್ಞಾನ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ವಿಷಯವಿರುವ ಪದವಿ, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಈ ಪಟ್ಟಿಯಲ್ಲಿ ‘ವನ್ಯಜೀವಿ’ ಎಂಬ ಪದವೇ ಇಲ್ಲವೆಂಬುದನ್ನು ಗಮನಿಸಬೇಕು. ಹೊಸ ಹೆಸರಿನ ಪದವಿಯೊಂದನ್ನು ಆರಿಸುವವರು, ಅದರ ಅಂಕಪಟ್ಟಿಯಲ್ಲಿ ಈ ವಿಷಯಗಳಲ್ಲೊಂದು ಸ್ವತಂತ್ರ ವಿಷಯವಾಗಿ ಕಾಣಿಸುತ್ತದೆಯೇ ಎಂದು ಸೇರುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ವಾಸಿ.

ಹಾಗಾಗಿ ನಾನು ಸೂಚಿಸುವ ಕ್ರಮವಿಷ್ಟು. ಮುಂದೆ ಮಾಡಬೇಕೆನಿಸುವ ಎರಡು ಮೂರು ಹುದ್ದೆಗಳ ನಿಜವಾದ ನೇಮಕಾತಿ ಪ್ರಕಟಣೆಗಳನ್ನು ಹುಡುಕಿ, ಅವು ಕೇಳುವ ಅರ್ಹತೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಆಮೇಲೆ ಕಾಲೇಜಿನ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಬೇಕು. ‘ಐಚ್ಛಿಕ ವಿಷಯ’ ಎಂದು ಮುದ್ರಿಸಿರುವುದೆಲ್ಲ ಪ್ರತಿ ವರ್ಷವೂ ನಡೆಯುವುದಿಲ್ಲ. ಕಳೆದ ಎರಡು ವರ್ಷಗಳಲ್ಲಿ ನಿಜವಾಗಿ ಪಾಠವಾದ ವಿಷಯಗಳು ಯಾವುವು ಎಂದು ವಿಭಾಗದ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಹೇಳದಿದ್ದರೆ, ಅದರಿಂದಲೂ ಒಂದು ವಿಷಯ ತಿಳಿದಂತಾಯಿತು.

ಪಠ್ಯಕ್ರಮ ನೋಡುವಾಗ ಬಹುತೇಕರು ಬೇಗ ದಾಟಿಬಿಡುವ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದ ಭಾಗ ಸಂಖ್ಯಾಶಾಸ್ತ್ರ. ಕಾಡಿನ ಪ್ರಾಣಿಯನ್ನು ಹಾಜರಿ ಪುಸ್ತಕ ಹಿಡಿದು ಎಣಿಸಲಾಗುವುದಿಲ್ಲ. ಇರುವುದರಲ್ಲಿ ಒಂದು ಪಾಲು ಮಾತ್ರ ಕಾಣುತ್ತದೆ, ಆ ಪಾಲು ಎಷ್ಟೆಂಬುದನ್ನೇ ಕಂಡುಹಿಡಿಯಬೇಕು. ಒಂದು ಸರಳ ಉದಾಹರಣೆ. ಒಂದು ಪ್ರದೇಶದಲ್ಲಿ 40 ಇಲಿಗಳನ್ನು ಹಿಡಿದು ಗುರುತು ಹಾಕಿ ಬಿಟ್ಟಿದ್ದೇವೆ. ಕೆಲವು ದಿನಗಳ ನಂತರ ಮತ್ತೆ ಬೋನು ಇಟ್ಟಾಗ 50 ಇಲಿಗಳು ಸಿಕ್ಕವು. ಅವುಗಳಲ್ಲಿ 10ರ ಮೇಲೆ ಗುರುತಿತ್ತು. ಎಂದರೆ ಎರಡನೆಯ ಸಲ ಹಿಡಿದವುಗಳಲ್ಲಿ ಐದರಲ್ಲೊಂದು ಗುರುತಿನದು; ಇಡೀ ಪ್ರದೇಶದಲ್ಲೂ ಅದೇ ಪ್ರಮಾಣವಿದ್ದರೆ 40 ಎಂಬುದು ಒಟ್ಟು ಸಂಖ್ಯೆಯ ಐದನೆಯ ಒಂದು ಭಾಗ, ಅಲ್ಲಿಗೆ ಇಲಿಗಳು ಸುಮಾರು 200. ಲೆಕ್ಕ ಪ್ರಾಥಮಿಕ ಶಾಲೆಯದೇ. ಆದರೆ ಒಮ್ಮೆ ಸಿಕ್ಕಿಬಿದ್ದ ಇಲಿ ಬೋನಿಗೆ ಹೆದರಿ ದೂರ ಉಳಿದರೆ ಏನಾಗುತ್ತದೆ? ಹಿಡಿದ 50ರಲ್ಲಿ ಗುರುತಿನವು 10ರ ಬದಲು 5 ಮಾತ್ರ ಸಿಗುತ್ತವೆ ಎನ್ನೋಣ. ಸೂತ್ರವು 400 ಎನ್ನುತ್ತದೆ. ನೆಲದ ಮೇಲೆ ಒಂದು ಇಲಿಯೂ ಹೆಚ್ಚಾಗದೆ ಕಾಗದದ ಮೇಲೆ ಸಂಖ್ಯೆ ಎರಡರಷ್ಟಾಯಿತು. ಸೂತ್ರ ಕಲಿಸುವ ಕಾಲೇಜುಗಳು ಬಹಳ ಇವೆ. ಸೂತ್ರದ ಹಿಂದಿರುವ ಊಹೆ ಎಲ್ಲಿ ಮುರಿಯುತ್ತದೆ ಎಂದು ವಿದ್ಯಾರ್ಥಿಯ ಕೈಯಲ್ಲೇ ಕಂಡುಹಿಡಿಸುವ ಕಾಲೇಜನ್ನು ಹುಡುಕಬೇಕು.

ಇದು ಬರೀ ತರಗತಿಯ ಸೂಕ್ಷ್ಮವಲ್ಲ ಎಂಬುದಕ್ಕೆ ಭಾರತದ ಹುಲಿ ಗಣತಿಯ ಇತಿಹಾಸವೇ ಸಾಕ್ಷಿ. ದಶಕಗಳ ಕಾಲ ಹುಲಿಯ ಹೆಜ್ಜೆ ಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆದು, ಅದರ ಆಕಾರದಿಂದ ಒಂದೊಂದು ಹುಲಿಯನ್ನೂ ಗುರುತಿಸಬಹುದೆಂಬ ನಂಬಿಕೆಯ ಮೇಲೆ ಎಣಿಕೆ ನಡೆಯಿತು. ಮಣ್ಣು ಒದ್ದೆಯೋ ಒಣಗಿದೆಯೋ, ಹುಲಿ ನಡೆಯುತ್ತಿತ್ತೋ ಓಡುತ್ತಿತ್ತೋ, ಗೆರೆ ಎಳೆದವರ ಕೈ ಹೇಗಿತ್ತು ಎಂಬುದರ ಮೇಲೆ ಆಕಾರ ಬದಲಾಗುತ್ತಿತ್ತು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು ಬಯಲಾಯಿತು. ದಾಖಲೆಗಳಲ್ಲಿ ಮಾತ್ರ ಅಲ್ಲಿ ಹುಲಿಗಳಿದ್ದವು. 2006ರಿಂದ ರಾಷ್ಟ್ರಮಟ್ಟದ ಅಂದಾಜು, ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿನ ಪಟ್ಟೆಗಳ ವಿನ್ಯಾಸ ಮತ್ತು ಸಂಖ್ಯಾಶಾಸ್ತ್ರದ ಮಾದರಿಗಳನ್ನು ಆಧರಿಸತೊಡಗಿತು. ಒಂದು ವಿಭಾಗದ ಪ್ರಯೋಗ ಪಟ್ಟಿಯಲ್ಲಿ ಹೆಜ್ಜೆ ಗುರುತಿನ ಅಚ್ಚು ತೆಗೆಯುವುದು ಇದ್ದರೆ ತಪ್ಪೇನಿಲ್ಲ, ಪ್ರಾಣಿಯ ಜಾಡು ಓದಲು ಅದು ಬೇಕೇ ಬೇಕು. ಆದರೆ ಗಣತಿ ಎಂದರೆ ಅಷ್ಟೇ ಎಂದು ಪಟ್ಟಿ ಅಲ್ಲಿಗೇ ನಿಂತಿದ್ದರೆ ಆ ಪಠ್ಯವನ್ನು ಬಹಳ ವರ್ಷಗಳಿಂದ ಯಾರೂ ತಿದ್ದಿಲ್ಲವೆಂದು ಅರ್ಥ.

ಮುಂದಿನದು ಕ್ಷೇತ್ರಕಾರ್ಯ. ಪ್ರತಿಯೊಂದು ಕಾಲೇಜೂ ತನ್ನಲ್ಲಿ ಕ್ಷೇತ್ರಕಾರ್ಯವಿದೆ ಎನ್ನುತ್ತದೆ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಅಭಯಾರಣ್ಯಕ್ಕೆ ಹೋಗಿ ಸಫಾರಿ ಮುಗಿಸಿ ವರದಿ ಬರೆಯುವುದೂ ಕ್ಷೇತ್ರಕಾರ್ಯವೆಂದೇ ಲೆಕ್ಕಕ್ಕೆ ಬರುತ್ತದೆ. ಒಂದೇ ಜಾಗದಲ್ಲಿ ವಾರಗಟ್ಟಲೆ ಉಳಿದು, ಬೆಳಗಿನ ಜಾವ ಎದ್ದು, ಅದೇ ದಾರಿಯನ್ನು ಮತ್ತೆ ಮತ್ತೆ ನಡೆಯುವುದೂ ಕ್ಷೇತ್ರಕಾರ್ಯವೇ. ಇವೆರಡರ ನಡುವಿನ ಅಂತರವನ್ನು ಒಂದು ಅಭ್ಯಾಸದಲ್ಲಿ ಹತ್ತಿರದಿಂದ ಕಾಣಬಹುದು. ಲೈನ್ ಟ್ರಾನ್ಸೆಕ್ಟ್ ಎಂಬ ಗಣತಿ ವಿಧಾನದಲ್ಲಿ ವಿದ್ಯಾರ್ಥಿ ನೇರವಾದ ಸೀಳುದಾರಿಯಲ್ಲಿ ಸದ್ದಿಲ್ಲದೆ ನಡೆಯುತ್ತಾನೆ ಅಥವಾ ನಡೆಯುತ್ತಾಳೆ. 60 ಮೀಟರ್ ದೂರದಲ್ಲಿ ಒಂದು ಜಿಂಕೆ ಕಂಡಿತು. ದಿಕ್ಸೂಚಿಯ ಪ್ರಕಾರ ಅದು ದಾರಿಯಿಂದ 30 ಡಿಗ್ರಿ ಕೋನದಲ್ಲಿದೆ. ಆಗ ದಾರಿಯಿಂದ ಜಿಂಕೆಗಿರುವ ಲಂಬ ದೂರ 30 ಮೀಟರ್. ಇಂಥ ಹತ್ತಾರು ದೂರಗಳು ಸೇರಿದ ಮೇಲೆ, ದಾರಿಯಿಂದ ದೂರ ಹೋದಂತೆ ಕಣ್ಣಿಗೆ ಬೀಳುವ ಸಾಧ್ಯತೆ ಹೇಗೆ ಕುಗ್ಗುತ್ತದೆಂದು ತಿಳಿದು, ಕಾಣದೆ ಉಳಿದವುಗಳನ್ನು ಅಂದಾಜು ಮಾಡಬಹುದು. ಆದರೆ ನಡೆಯುವವರ ಸದ್ದಿಗೆ ಜಿಂಕೆ ಬೆದರಿ ಇಪ್ಪತ್ತು ಮೀಟರ್ ಆಚೆ ಓಡಿ ನಿಂತಿತು ಎಂದಿಟ್ಟುಕೊಳ್ಳಿ. ಅದು ಮೊದಲು ಇದ್ದ ಜಾಗಕ್ಕೆ ಅಳತೆ ಹಿಡಿಯಬೇಕೇ ಹೊರತು ಓಡಿ ನಿಂತ ಜಾಗಕ್ಕಲ್ಲ. ಇಲ್ಲಿ ತಪ್ಪಿದರೆ ದೂರಗಳೆಲ್ಲ ಹಿಗ್ಗಿ ಜಿಂಕೆಯ ಸಾಂದ್ರತೆ ಇರುವುದಕ್ಕಿಂತ ಕಡಿಮೆಯೆಂದು ಬರುತ್ತದೆ. ಈ ತಪ್ಪನ್ನು ಪುಸ್ತಕದಿಂದ ತಿಳಿಯಬಹುದು, ತಿದ್ದಿಕೊಳ್ಳಲು ಮಾತ್ರ ನಡೆದೇ ಅಭ್ಯಾಸವಾಗಬೇಕು.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ನಿಖರವಾಗಿರಲಿ. ಒಟ್ಟು ಎಷ್ಟು ದಿನ ಹೊರಗೆ? ಕಾಲೇಜಿಗೆ ತನ್ನದೇ ಕ್ಷೇತ್ರ ಕೇಂದ್ರವಿದೆಯೇ, ಅಥವಾ ಯಾವುದಾದರೂ ಕಾಡು, ಕೆರೆ, ಹುಲ್ಲುಗಾವಲಿನ ಜೊತೆ ದೀರ್ಘಕಾಲದ ನಂಟಿದೆಯೇ? ಮಳೆಗಾಲ, ಬೇಸಿಗೆ ಎರಡೂ ಕಾಲದಲ್ಲಿ ಒಂದೇ ನೆಲವನ್ನು ವಿದ್ಯಾರ್ಥಿಗಳು ನೋಡುತ್ತಾರೆಯೇ? ಹತ್ತು ಜನರಿಗೆ ಒಬ್ಬ ಶಿಕ್ಷಕರೋ, ಅರವತ್ತು ಜನರಿಗೆ ಒಬ್ಬರೋ? ದುರ್ಬೀನು, ದೂರಮಾಪಕ, ಜಿಪಿಎಸ್, ಕ್ಯಾಮೆರಾ ಟ್ರ್ಯಾಪ್‌ಗಳು ಬೀಗ ಹಾಕಿದ ಕಪಾಟಿನಲ್ಲಿ ಹೊಸದಾಗಿ ಹೊಳೆಯುತ್ತಿವೆಯೋ, ಮಣ್ಣು ಮೆತ್ತಿ ಸವೆದಿವೆಯೋ? ಸವೆದ ಉಪಕರಣಗಳನ್ನು ಕಂಡರೆ ನನಗೆ ಆ ವಿಭಾಗದ ಮೇಲೆ ಗೌರವ ಹೆಚ್ಚುತ್ತದೆ. ಅದೇ ರೀತಿ ಒಣಗಿಸಿದ ಸಸ್ಯಗಳ ಸಂಗ್ರಹ ಯಾವ ಸ್ಥಿತಿಯಲ್ಲಿದೆ ಎಂದು ನೋಡಬೇಕು. ಜಿಂಕೆಯ ಹಿಕ್ಕೆ ಸಿಕ್ಕಾಗ ಅದು ಏನು ತಿಂದಿದೆ ಎಂದು ಹೇಳಬೇಕಾದರೆ ಅಲ್ಲಿನ ಹುಲ್ಲುಗಳು ಗೊತ್ತಿರಬೇಕು. ನೆಲೆಯ ನಿರ್ವಹಣೆ ಎಂದರೆ ಕೊನೆಗೂ ಹುಲ್ಲು, ಮರ, ನೀರು, ಬೆಂಕಿಗಳ ನಿರ್ವಹಣೆ.

ತಂತ್ರಜ್ಞಾನದ ಕಲಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆಗಳನ್ನು ರಚಿಸಿ ವಿಶ್ಲೇಷಿಸುವ ಜಿಐಎಸ್ ಮತ್ತು ದತ್ತಾಂಶ ವಿಶ್ಲೇಷಣೆಗೆ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆ ಎರಡನ್ನೂ ಪದವಿಯ ಒಳಗೇ ಕಲಿಸುತ್ತಾರೆಯೇ ಎಂದು ನೋಡಿದರೆ ಸಾಕು. ಎರಡೂ ಉಚಿತ ತಂತ್ರಾಂಶಗಳಲ್ಲಿ ಲಭ್ಯವಿರುವುದರಿಂದ ಹಣವಿಲ್ಲ ಎಂಬ ನೆಪ ನಿಲ್ಲುವುದಿಲ್ಲ.

ಮನುಷ್ಯರ ಕುರಿತ ಕಲಿಕೆಯನ್ನು ಮಾತ್ರ ಹಗುರವಾಗಿ ಬಿಡಲಾಗದು. ಮೊದಲು ಹೇಳಿದ ಹುಲ್ಲುಗಾವಲಿಗೆ ಮರಳಿದರೆ, ಅಲ್ಲಿ ಬೆಂಕಿ ಹಾಕುವ ನಿರ್ಧಾರ ವೈಜ್ಞಾನಿಕವಾಗಿ ಎಷ್ಟೇ ಸರಿಯಿದ್ದರೂ, ಪಕ್ಕದ ಊರಿನ ದನಗಾಹಿಗೆ ಅದನ್ನು ತಿಳಿಸಿ, ಅವರ ಅನುಭವ ಕೇಳಿ, ಒಪ್ಪಿಗೆ ಪಡೆಯಲಾಗದಿದ್ದರೆ ಆ ನಿರ್ಧಾರ ಕಾಗದದಲ್ಲೇ ಉಳಿಯುತ್ತದೆ. 1937ರಲ್ಲಿ ಸ್ಥಾಪನೆಯಾದ, ಅಮೆರಿಕದ ವನ್ಯಜೀವಿ ವೃತ್ತಿಪರರ ಸಂಘವಾದ ದಿ ವೈಲ್ಡ್‌ಲೈಫ್ ಸೊಸೈಟಿ ತನ್ನ ವೃತ್ತಿ ಪ್ರಮಾಣಪತ್ರಕ್ಕೆ ಜೀವಶಾಸ್ತ್ರದ ಜೊತೆಗೆ ಸಮಾಜ ವಿಜ್ಞಾನ, ಸಂವಹನ, ಕಾನೂನು ಮತ್ತು ಆಡಳಿತದ ಓದನ್ನೂ ಕೇಳುತ್ತ ಬಂದಿರುವುದು ಇದೇ ಕಾರಣಕ್ಕೆ. ಬೆಳೆಹಾನಿಯ ಪರಿಹಾರ ಹೇಗೆ ಲೆಕ್ಕವಾಗುತ್ತದೆ, ವನ್ಯಜೀವಿ ಕಾನೂನಿನ ಯಾವ ವಿಧಿ ಏನನ್ನು ತಡೆಯುತ್ತದೆ, ಸಿಟ್ಟಿಗೆದ್ದ ಸಭೆಯಲ್ಲಿ ಮಾತಾಡುವುದು ಹೇಗೆ, ಎರಡು ಪುಟದಲ್ಲಿ ವರದಿ ಬರೆಯುವುದು ಹೇಗೆ ಎಂಬುದು ಪಠ್ಯಕ್ರಮದಲ್ಲಿ ಎಲ್ಲಿಯೂ ಕಾಣದಿದ್ದರೆ, ಆ ಪದವಿ ಸಂಶೋಧಕರನ್ನು ತಯಾರಿಸಬಹುದು, ನಿರ್ವಾಹಕರನ್ನು ತಯಾರಿಸುವುದು ಕಷ್ಟ.

ಶಿಕ್ಷಕರನ್ನು ಅಳೆಯಲು ಅವರ ಪ್ರಕಟಣೆಗಳ ಸಂಖ್ಯೆಗಿಂತ ಒಳ್ಳೆಯ ಒರೆಗಲ್ಲು ಇದೆ: ಒಂದು ಪ್ರಸಿದ್ಧ ಉದಾಹರಣೆಯನ್ನು ಅವರು ಹೇಗೆ ಪಾಠ ಮಾಡುತ್ತಾರೆ ಎಂದು ಕೇಳುವುದು. ಅಮೆರಿಕದ ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯನ್ನು 1906ರಲ್ಲಿ ಸಂರಕ್ಷಿತ ಪ್ರದೇಶವಾಗಿಸಿ ಅಲ್ಲಿನ ಪೂಮಾ, ತೋಳ ಮುಂತಾದ ಬೇಟೆಗಾರ ಪ್ರಾಣಿಗಳನ್ನು ಕೊಲ್ಲಲಾಯಿತು. ಸುಮಾರು 4,000ದಷ್ಟಿದ್ದ ಜಿಂಕೆಗಳು 1924ರ ಹೊತ್ತಿಗೆ 1,00,000ಕ್ಕೆ ಏರಿ, ಮೇವೆಲ್ಲ ಬರಿದಾಗಿ, ಹಸಿವಿನಿಂದ ಸತ್ತವು ಎಂಬ ಕಥೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಮೆರೆಯಿತು. 1970ರಲ್ಲಿ ನ್ಯೂಜಿಲೆಂಡ್ ಮೂಲದ ಪರಿಸರ ವಿಜ್ಞಾನಿಯೊಬ್ಬರು ಮೂಲ ದಾಖಲೆಗಳನ್ನು ತೆಗೆದು ನೋಡಿ, ಆ ಸಂಖ್ಯೆಗಳು ನಂಬಲರ್ಹವಲ್ಲ, ಅದೇ ಕಾಲದಲ್ಲಿ ಮೇಯುವ ಕುರಿ ದನಗಳ ಸಂಖ್ಯೆಯೂ ಇಳಿದು ಜಿಂಕೆಗಳಿಗೆ ಮೇವು ಹೆಚ್ಚಿರಬಹುದು, ಆದ್ದರಿಂದ ಬೇಟೆಗಾರ ಪ್ರಾಣಿಗಳ ನಾಶವೊಂದೇ ಕಾರಣವೆನ್ನಲಾಗದು ಎಂದು ತೋರಿಸಿದರು. ಕೈಬಾಬಿನ ಕಥೆಯನ್ನು ಇನ್ನೂ ಮೊದಲ ರೂಪದಲ್ಲೇ ಹೇಳಿ ಮುಗಿಸುವ ಶಿಕ್ಷಕರಿದ್ದಾರೆ. ಕಥೆ, ಅದರ ಮೇಲಿನ ಆಕ್ಷೇಪ, ನಂತರದ ಮರುಪರಿಶೀಲನೆ ಮೂರನ್ನೂ ಮುಂದಿಟ್ಟು ನೀವಾಗಿದ್ದರೆ ಏನು ನಿರ್ಧರಿಸುತ್ತಿದ್ದಿರಿ ಎಂದು ಕೇಳುವ ಶಿಕ್ಷಕರೂ ಇದ್ದಾರೆ. ಎರಡನೆಯವರು ಒಬ್ಬರೇ ಇರುವ ಸಣ್ಣ ಕಾಲೇಜು, ಅಂಥವರು ಯಾರೂ ಇಲ್ಲದ ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಪದವಿಯಲ್ಲೇ ಈ ವಿಷಯ ಓದಬೇಕೇ, ಅಥವಾ ವಿಶಾಲವಾದ ವಿಜ್ಞಾನ ಪದವಿ ಮುಗಿಸಿ ಸ್ನಾತಕೋತ್ತರ ಹಂತದಲ್ಲಿ ಇದಕ್ಕೆ ಬರಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸಂಶೋಧನೆ ಅಥವಾ ಯೋಜನೆ ರೂಪಿಸುವ ಹುದ್ದೆಗಳಿಗೆ ಸ್ನಾತಕೋತ್ತರ ಪದವಿ ಬೇಕಾಗುವುದೇ ಹೆಚ್ಚು. ಮನಸ್ಸು ಇನ್ನೂ ಗಟ್ಟಿಯಾಗಿಲ್ಲದವರು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಸಂಖ್ಯಾಶಾಸ್ತ್ರಗಳ ಸಂಯೋಜನೆಯನ್ನು ಆರಿಸಿಕೊಂಡು, ರಜೆಯಲ್ಲಿ ಕ್ಷೇತ್ರ ಸಹಾಯಕರಾಗಿ ದುಡಿದು ನೋಡಿದರೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಹಣದ ಮಾತನ್ನೂ ಮುಚ್ಚುಮರೆಯಿಲ್ಲದೆ ಆಡಬೇಕು. ಈ ಕ್ಷೇತ್ರದ ಆರಂಭದ ಕೆಲಸಗಳಲ್ಲಿ ಹಲವು ತಾತ್ಕಾಲಿಕ, ಒಂದು ಋತುವಿನಷ್ಟು ಅವಧಿಯವು, ಸಂಬಳ ಕಡಿಮೆ. ಕೆಲವು ಇಂಟರ್ನ್‌ಶಿಪ್‌ಗಳಲ್ಲಿ ಸಂಬಳವೇ ಇರುವುದಿಲ್ಲ. ದೊಡ್ಡ ಸಾಲ ಹೊತ್ತು ಹೊರಬಂದವರಿಗೆ ಇಂಥ ಕೆಲಸ ಒಪ್ಪಿಕೊಳ್ಳುವ ಸ್ವಾತಂತ್ರ್ಯ ಇರುವುದಿಲ್ಲ, ಆ ಕೆಲಸಗಳಿಲ್ಲದೆ ಮುಂದಿನ ಹುದ್ದೆಗೆ ಅನುಭವ ಸೇರುವುದಿಲ್ಲ. ಆದ್ದರಿಂದ ಬೋಧನೆ ಸಮಾನವಾಗಿರುವ ಎರಡು ಕಾಲೇಜುಗಳಲ್ಲಿ ಕಡಿಮೆ ಶುಲ್ಕದ್ದನ್ನು ಆರಿಸುವುದು ಜಿಪುಣತನವಲ್ಲ.

ಸುರಕ್ಷತೆಯ ವ್ಯವಸ್ಥೆಯನ್ನು ಕೇಳಲು ಯಾರೂ ಸಂಕೋಚಪಡಬಾರದು. ಕಾಡಿನಲ್ಲಿ ಯಾರಾದರೂ ಬಿದ್ದು ಪೆಟ್ಟಾದರೆ, ಹಾವು ಕಚ್ಚಿದರೆ ಎಷ್ಟು ಹೊತ್ತಿನಲ್ಲಿ ಯಾವ ಆಸ್ಪತ್ರೆಗೆ ತಲುಪಿಸುತ್ತಾರೆ, ವಿಮೆ ಇದೆಯೇ, ವಿದ್ಯಾರ್ಥಿನಿಯರಿಗೆ ಶಿಬಿರದಲ್ಲಿ ಪ್ರತ್ಯೇಕ ವಸತಿ ಮತ್ತು ಶೌಚಾಲಯವಿದೆಯೇ, ದೂರು ಕೊಡಬೇಕಾದರೆ ಶಿಬಿರದ ಮುಖ್ಯಸ್ಥರಲ್ಲದೆ ಬೇರೆ ಯಾರಿಗೆ ಕೊಡಬಹುದು ಎಂಬುದಕ್ಕೆ ತಡವರಿಸದ ಉತ್ತರ ಸಿಗಬೇಕು. ಹೆಣ್ಣುಮಕ್ಕಳನ್ನು ಕ್ಷೇತ್ರಕ್ಕೆ ಕಳುಹಿಸದೆ ಪ್ರಯೋಗಾಲಯದಲ್ಲೇ ಕೂರಿಸುವುದನ್ನು ಸುರಕ್ಷತೆ ಎನ್ನುವ ಕಾಲೇಜು ಅವರ ಕಲಿಕೆಯ ಅರ್ಧವನ್ನು ಕಿತ್ತುಕೊಳ್ಳುತ್ತಿದೆ. ಹೆಚ್ಚು ನಡೆಯಲಾಗದವರಿಗೆ ಯಾವ ಬಗೆಯ ಕ್ಷೇತ್ರಕಾರ್ಯಕ್ಕೆ ಅವಕಾಶವಿದೆ ಎಂದೂ ಕೇಳಬಹುದು. ಧ್ವನಿ ಮುದ್ರಣದ ಮೂಲಕ ಹಕ್ಕಿಗಳ ಸಮೀಕ್ಷೆ, ಕ್ಯಾಮೆರಾ ಟ್ರ್ಯಾಪ್ ಚಿತ್ರಗಳ ವಿಶ್ಲೇಷಣೆ ಇಂದಿನ ನಿರ್ವಹಣೆಯ ಕೇಂದ್ರದಲ್ಲೇ ಇರುವ ಕೆಲಸಗಳು.

ಕೊನೆಗೆ ಸಾಧ್ಯವಿದ್ದರೆ ಕಾಲೇಜಿಗೆ ಒಮ್ಮೆ ಹೋಗಿ ಬರಬೇಕು, ಅದೂ ಪ್ರವೇಶದ ಪ್ರಚಾರವಿಲ್ಲದ ಒಂದು ಸಾಮಾನ್ಯ ದಿನದಲ್ಲಿ. ಪದವಿ ಮುಗಿಸಿ ನಾಲ್ಕೈದು ವರ್ಷವಾದ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ವಿಭಾಗವನ್ನು ಕೇಳಬೇಕು. ಯಶಸ್ವಿಯಾದ ಇಬ್ಬರನ್ನು ಹೆಸರಿಸುವುದು ಸುಲಭ, ಒಂದು ಇಡೀ ತಂಡದ ಬಗ್ಗೆ ಹೇಳಬಲ್ಲ ವಿಭಾಗಕ್ಕೆ ತನ್ನ ವಿದ್ಯಾರ್ಥಿಗಳ ಬಗ್ಗೆ ಕಾಳಜಿಯಿದೆ. ಆಮೇಲೆ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕಂಡು, ಅವರ ಕ್ಷೇತ್ರ ಪುಸ್ತಕವನ್ನು ಒಮ್ಮೆ ನೋಡಬಹುದೇ ಎಂದು ವಿನಯದಿಂದ ಕೇಳಿ. ದಿನಾಂಕ, ಹೊರಟ ಹೊತ್ತು, ಮೋಡ, ಗಾಳಿ, ನಡೆದ ದೂರ, ಜೊತೆಗಿದ್ದವರು ಎಲ್ಲವೂ ಪುಟದ ಮೇಲಿನ ಸಾಲುಗಳಲ್ಲಿದೆಯೇ ಎಂದು ನೋಡಿ. ‘ಏನೂ ಕಾಣಲಿಲ್ಲ’ ಎಂದು ಬರೆದ ದಿನಗಳು ಅದರಲ್ಲಿವೆಯೇ ಎಂದು ಮುಖ್ಯವಾಗಿ ಹುಡುಕಿ. ಜಿಂಕೆ ಕಂಡ ದಿನವನ್ನು ಎಲ್ಲರೂ ಬರೆಯುತ್ತಾರೆ. ನಾಲ್ಕು ಕಿಲೋಮೀಟರ್ ನಡೆದು ಏನೂ ಕಾಣದ ದಿನವನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಿದ್ದು, ಅಂಚಿನಲ್ಲಿ ಶಿಕ್ಷಕರು ‘ಹುಲ್ಲಿನ ಎತ್ತರ ಎಷ್ಟಿತ್ತು?’ ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದರೆ, ಪ್ರವೇಶದ ಅರ್ಜಿಯನ್ನು ಅಲ್ಲಿಂದಲೇ ತೆಗೆದುಕೊಂಡು ಬರಬಹುದು.